ಮುಂದಿನ ಗಾಡಿ ನಿಧಾನವಾದರೆ ನಮ್ಮದೂ ನಿಧಾನ

ಕಾರು ಮಾರುವ ಅಂಗಡಿಯಲ್ಲಿ ಕೆಲಸಕ್ಕಿದ್ದರೆ ಏನಾದರೊಂದು ಪ್ರಸಂಗ ನಡೆಯುತ್ತಲೇ ಇರುತ್ತದೆ. ಒಂದು ಮುಗಿಯಿತು ಎಂದು ನೀರು ಕುಡಿಯುವಷ್ಟರಲ್ಲಿ ಇನ್ನೊಂದು ಗಾಜಿನ ಬಾಗಿಲು ತಳ್ಳಿಕೊಂಡು ಒಳಗೆ ಬಂದಿರುತ್ತದೆ. ನನಗೆ ಬರೆದು ಅಭ್ಯಾಸವಿಲ್ಲ. ಅಲ್ಲಲ್ಲಿ ಬೇಕಾದ್ದಕ್ಕಿಂತ ಹೆಚ್ಚು ಬಿಡಿಸಿ ಹೇಳಿದರೆ ಬೇಸರ ಮಾಡಿಕೊಳ್ಳಬೇಡಿ. ಬಿಡಿಸಿ ಹೇಳುವುದೇ ನನ್ನ ಉದ್ಯೋಗ.

ನಮ್ಮ ಅಂಗಡಿ ಇರುವುದು ಚಿಕ್ಕಬಳ್ಳಾಪುರದಲ್ಲಿ, ಹೈವೇ ಪಕ್ಕ. ಹೈವೇ ಪಕ್ಕ ಎಂದರೆ ಸರ್ವೀಸ್ ರಸ್ತೆಯಲ್ಲಿ. ಮೊದಲು ನಾನು ಅಲ್ಲಿ ಫೋನ್ ಟೇಬಲ್ಲಿನಲ್ಲಿದ್ದೆ. "ಸಾರ್, ನಿಮ್ಮ ಗಾಡಿ ಸರ್ವೀಸಿಗೆ ಬರಬೇಕಿತ್ತು" ಎಂದು ಬೆಳಗಿನಿಂದ ಸಂಜೆಯವರೆಗೆ ಹೇಳುವ ಕೆಲಸ. ಡೆಮೊ ಕೊಡುವ ಕೆಲಸ, ಅಂದರೆ ಗಿರಾಕಿಗಳನ್ನು ಗಾಡಿಯಲ್ಲಿ ಕೂರಿಸಿಕೊಂಡು ಹೋಗಿ ಅದರ ಗುಣವೆಲ್ಲ ತೋರಿಸುವ ಕೆಲಸ, ಗಂಡಸರದ್ದಾಗಿತ್ತು. ನಾನು ಬಿಡದೆ ಕೇಳಿ ಕೇಳಿ ಅದನ್ನು ಪಡೆದೆ. ಕೊಡುವಾಗ ಅಂಗಡಿಯ ಯಜಮಾನರು ಒಂದು ಮಾತು ಹೇಳಿದರು: "ನೋಡಮ್ಮ, ಹೊಸ ಗಾಡೀಲಿ ಆ ತಾನಾಗಿ ನಿಧಾನ ಆಗೋ ಕ್ರೂಸ್ ಇದೆಯಲ್ಲ, ಅದು ಜನಕ್ಕೆ ಅರ್ಥ ಆಗ್ಬೇಕು. ಅರ್ಥ ಆಗ್ಲಿಲ್ಲ, ಗಾಡಿ ವಾಪಸ್ ತಗೊಳ್ಳಿ ಅಂತ ದೂರು ಬಂದ್ರೆ, ನಿನ್ನ ಫೋನ್ ಟೇಬಲ್ ಅಲ್ಲೇ ಇದೆ."

ನಾನು ಹಲ್ಲು ಕಚ್ಚಿಕೊಂಡೆ. ಸುತ್ತಲಿನ ತಾಲ್ಲೂಕುಗಳಲ್ಲಿ ಒಬ್ಬರಿಗೂ ಅರ್ಥವಾಗದೆ ಉಳಿಯಬಾರದು ಎಂದು ತೀರ್ಮಾನಿಸಿದೆ.

ಇಲ್ಲಿ ಓದುವವರಿಗೂ ಅದನ್ನು ಹೇಳಿಬಿಡುತ್ತೇನೆ. ಹಳೆಯ ಕ್ರೂಸ್ ಕಂಟ್ರೋಲಿನಲ್ಲಿ ಗುಂಡಿ ಒತ್ತಿ ವೇಗವನ್ನು ಎಂಬತ್ತಕ್ಕೆ ಇಟ್ಟರೆ, ಕಾಲು ತೆಗೆದರೂ ಗಾಡಿ ಎಂಬತ್ತರಲ್ಲೇ ಹೋಗುತ್ತದೆ. ಮುಂದೆ ಲಾರಿ ಬಂದರೂ ಹೋಗುತ್ತದೆ, ಅದೇ ಅದರ ತೊಂದರೆ. ಹೊಸದರಲ್ಲಿ ಮುಂದಿನ ಬಂಪರಿನೊಳಗೆ ಒಂದು ರಾಡಾರ್ ಇರುತ್ತದೆ. ಅದು ಕಣ್ಣಿಗೆ ಕಾಣದ ಅಲೆ ಬಿಡುತ್ತದೆ. ಅಲೆ ಮುಂದಿನ ಗಾಡಿಗೆ ತಗುಲಿ ವಾಪಸ್ ಬರುತ್ತದೆ. ಅದರಿಂದ ಮುಂದಿನ ಗಾಡಿ ಎಷ್ಟು ದೂರದಲ್ಲಿದೆ, ಎಷ್ಟು ವೇಗದಲ್ಲಿದೆ ಎಂದು ತಿಳಿಯುತ್ತದೆ. ಮುಂದಿನದು ನಿಧಾನವಾದರೆ ನಮ್ಮದೂ ನಿಧಾನವಾಗುತ್ತದೆ. ಮುಂದಿನದು ಪಕ್ಕಕ್ಕೆ ಸರಿದರೆ ನಮ್ಮದು ಮತ್ತೆ ಎಂಬತ್ತಕ್ಕೆ ಏರುತ್ತದೆ. ಬ್ರೇಕ್ ಮುಟ್ಟಿದರೆ ಎಲ್ಲವೂ ಆಫ್. ಆನ್ ಇದ್ದಾಗಲೂ ಸ್ಟೀರಿಂಗ್ ನಾವೇ ತಿರುಗಿಸಬೇಕು, ಕಣ್ಣು ರಸ್ತೆಯ ಮೇಲೇ ಇರಬೇಕು, ಕಾಲು ಬ್ರೇಕಿನ ಹತ್ತಿರವೇ ಇರಬೇಕು.

ಇಷ್ಟೇ. ಇಷ್ಟರಲ್ಲಿ ಏನೇನಾಗಬಹುದು ಎಂದು ನನಗೆ ಆಗ ಗೊತ್ತಿರಲಿಲ್ಲ.

ಟೊಮೇಟೊ ಟೆಂಪೋ

ನಾನು ಮೊದಲು ಗಾಡಿ ಒಪ್ಪಿಸಿದ್ದು ಶಿಡ್ಲಘಟ್ಟದ ಒಬ್ಬ ರೀಲರ್ ಸಾಹೇಬರಿಗೆ. ರೀಲರ್ ಎಂದರೆ ರೇಷ್ಮೆಗೂಡು ಬೇಯಿಸಿ ನೂಲು ತೆಗೆಸುವವರು. ಎಲ್ಲವನ್ನೂ ಎರಡೆರಡು ಸಲ ಹೇಳಿ ಕಳಿಸಿದೆ. ಪೇಟೆಯೊಳಗೆ ಹೋದ ಮೇಲೆ ಇದನ್ನು ಬಳಸಬೇಡಿ ಎಂದೂ ಹೇಳಿದ್ದೆ. ಮಧ್ಯಾಹ್ನ ಅವರಿಂದ ಫೋನ್ ಬಂತು.

"ಬೇಟಿ, ನಾನು ಚಿಂತಾಮಣೀಲಿದ್ದೀನಿ."

"ಚಿಂತಾಮಣೀಲಿ ಕೆಲಸ ಇತ್ತಾ ಸಾರ್?"

"ಏನೂ ಇಲ್ಲ. ಟೊಮೇಟೊ ಮಾರ್ಕೆಟ್ಟಲ್ಲಿ ನಿಂತಿದ್ದೀನಿ. ಎಷ್ಟು ಬಾಕ್ಸ್ ತಂದಿದ್ದೀರಾ ಅಂತ ಎಲ್ಲರೂ ಕೇಳ್ತಾ ಇದ್ದಾರೆ."

ಆಗಿದ್ದಿಷ್ಟು. ಚಿಕ್ಕಬಳ್ಳಾಪುರ ದಾಟಿದ ಮೇಲೆ ಅವರ ಮುಂದೆ ಒಂದು ಟೊಮೇಟೊ ಟೆಂಪೋ ಸಿಕ್ಕಿತು. ಕ್ರೂಸ್ ಹಾಕಿದರು. ಟೆಂಪೋ ನಿಧಾನವಾದರೆ ಗಾಡಿ ನಿಧಾನ, ಟೆಂಪೋ ಓಡಿದರೆ ಗಾಡಿ ಓಟ. ಅವರಿಗೆ ಬಹಳ ಸಂತೋಷವಾಯಿತು. ಶಿಡ್ಲಘಟ್ಟದಲ್ಲಿ ಅವರ ಮನೆ ಇರುವುದು ದೊಡ್ಡ ರಸ್ತೆಯಲ್ಲೇ. ಹೊಸ ಗಾಡಿ ಬರುತ್ತದೆ ಎಂದು ಮನೆಯವರೆಲ್ಲ ಸಿಹಿ ತಟ್ಟೆ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದರು. ಗಾಡಿ ಅವರ ಮುಂದೆಯೇ ಟೆಂಪೋ ಹಿಂದೆ ನಿಧಾನವಾಗಿ ಹಾದುಹೋಯಿತು. ಸಾಹೇಬರು ಒಳಗಿನಿಂದ ಕೈ ಬೀಸಿದರು. ಮನೆಯವರೂ ಕೈ ಬೀಸಿದರು.

"ನಿಲ್ಲಿಸಬೇಕಿತ್ತಲ್ಲ ಸಾರ್?"

"ಹೇಗೆ ನಿಲ್ಲಿಸ್ಲಿ? ಬ್ರೇಕ್ ಮುಟ್ಟಿದ್ರೆ ಆಫ್ ಆಗುತ್ತೆ ಅಂದ್ಯಲ್ಲ. ಮತ್ತೆ ಆನ್ ಮಾಡೋದು ಮರೆತುಹೋಗಿತ್ತು."

ನಾನು ಆನ್ ಮಾಡುವ ಕ್ರಮವನ್ನು ಮತ್ತೆ ಮೊದಲಿನಿಂದ ಹೇಳಿದೆ. ಕ್ರೂಸ್ ಇಲ್ಲದೆಯೂ ಗಾಡಿ ಎಲ್ಲ ಗಾಡಿಗಳ ಹಾಗೆಯೇ ಓಡುತ್ತದೆ ಎಂದೂ ಹೇಳಿದೆ. ಅವರು ಎಲ್ಲಕ್ಕೂ "ಹಾಂ, ಹಾಂ" ಅಂದರು. ಸಮಾಧಾನವಾಗಿ ಫೋನ್ ಇಡಬೇಕು, ಆಗ ಕೇಳಿದರು:

"ಅದೆಲ್ಲ ಸರಿ ಬೇಟಿ. ಆದರೆ ಶಿಡ್ಲಘಟ್ಟಕ್ಕೆ ವಾಪಸ್ ಹೋಗೋ ಟೆಂಪೋ ಇಲ್ಲಿ ಒಂದೂ ಕಾಣ್ತಿಲ್ಲ. ನಾನು ಮನೆಗೆ ಹೇಗೆ ಹೋಗ್ಲಿ?"

ಸೇವಂತಿಗೆ ಹಾರ

ಎರಡನೆಯವರು ಚಿಕ್ಕಬಳ್ಳಾಪುರದ ಹತ್ತಿರದ ಹೂವಿನ ತೋಟದವರು. ಗಾಡಿ ತೆಗೆದುಕೊಂಡ ಮಾರನೆಯ ದಿನವೇ ಬಂದು ನಿಂತರು. "ಏನಮ್ಮ, ಕ್ರೂಸ್ ಅಂತ ಅಷ್ಟು ಹೊತ್ತು ಪಾಠ ಹೇಳ್ದೆ. ಅದು ಆನ್ ಆಗೋದೇ ಇಲ್ಲ. ಮುಂದಿನ ಸೆನ್ಸರ್ ಮುಚ್ಚಿದೆ ಅಂತ ಬರುತ್ತೆ."

ಹೊರಗೆ ಹೋಗಿ ನೋಡಿದೆ. ಗಾಡಿಯ ಮುಂಭಾಗ ಕಾಣಲೇ ಇಲ್ಲ. ಪೂಜೆಗೆಂದು ಸ್ವಂತ ತೋಟದ ಸೇವಂತಿಗೆಯಲ್ಲಿ ಕಟ್ಟಿಸಿದ ಹಾರ, ನನ್ನ ತೋಳಿಗಿಂತ ದಪ್ಪ. ಬಂಪರಿನ ಈ ತುದಿಯಿಂದ ಆ ತುದಿಯವರೆಗೆ ಮೂರು ಸುತ್ತು. ಅದರ ಮೇಲೆ ಬಾಳೆಕಂದು, ಮಾವಿನ ಸೊಪ್ಪು, ಅರಿಶಿನ, ಕುಂಕುಮ. ಪಾಪ, ರಾಡಾರ್ ಅಲೆ ಬಿಟ್ಟರೆ ಅದು ಹೂವಿಗೇ ತಗುಲಿ ವಾಪಸ್ ಬರುತ್ತಿತ್ತು.

"ಸಾರ್, ಗಾಡಿಗೆ ಮುಂದೆ ಏನಿದೆ ಅಂತ ಗೊತ್ತಾಗ್ಬೇಕಾದ್ರೆ ಈ ಜಾಗ ಖಾಲಿ ಇರ್ಬೇಕು. ಹಾರ ತೆಗೆದುಬಿಡಿ."

"ತೆಗೆಯೋದಾ? ನಮ್ಮ ಅಮ್ಮ ಮನೇಲಿ ಸೇರಿಸ್ತಾರಾ? ಅದು ತಾನಾಗೇ ಬಾಡಿ ಉದುರಬೇಕು."

ದೇವರ ಹಾರ ತೆಗೆಸುವುದು ನನಗೂ ಸರಿ ಕಾಣಲಿಲ್ಲ. ರಾಡಾರ್ ಇರುವ ಜಾಗವನ್ನು ಬೆರಳಿಟ್ಟು ತೋರಿಸಿದೆ. "ಇಲ್ಲಿ ಮಾತ್ರ ಬೇಡ. ಸ್ವಲ್ಪ ಮೇಲಕ್ಕೆ ಕಟ್ಟಿಕೊಳ್ಳಿ" ಅಂದೆ. ಒದ್ದೆ ಬಟ್ಟೆಯಲ್ಲಿ ಅಲ್ಲಿನ ಅರಿಶಿನ ಒರೆಸಿಕೊಟ್ಟೆ. ಅವರು ಒಪ್ಪಿ ಹೋದರು. ಸಂಜೆ ನಾನೇ ಫೋನ್ ಮಾಡಿದೆ, ಒಂದು ಕೆಲಸ ಹಿಡಿದರೆ ಮುಗಿಸಬೇಕಲ್ಲ.

"ಸಾರ್, ಹಾರ ಮೇಲಕ್ಕೆ ಕಟ್ಟಿದ್ರಾ? ಈಗ ಸರಿಯಾಯ್ತಾ?"

"ಕಟ್ಟಿದೆ ಕಣಮ್ಮ, ಮೇಲೆ ಗಾಜಿಗೆ ಅಡ್ಡಲಾಗಿ. ಈಗ ಗಾಡಿಗೆ ಎಲ್ಲಾ ಚೆನ್ನಾಗಿ ಕಾಣುತ್ತೆ. ನನಗೇ ಏನೂ ಕಾಣ್ತಿಲ್ಲ."

ದಾಯಾದಿ

ಗೌರಿಬಿದನೂರು ಕಡೆಯ ಒಬ್ಬ ಹಿರಿಯರು, ಜಮೀನಿರುವವರು. ಒಂದು ಬೆಳಿಗ್ಗೆ ಕೀಲಿ ತಂದು ನನ್ನ ಟೇಬಲ್ಲಿನ ಮೇಲೆ ಕುಕ್ಕಿದರು. "ಈ ಗಾಡಿಗೆ ಮಾನ ಮರ್ಯಾದೆ ಇಲ್ಲ."

ಒಳಗಿನ ಕೋಣೆಯಲ್ಲಿ ಯಜಮಾನರಿದ್ದರು. "ಏನಾಯ್ತು ಸಾರ್?" ಅಂದೆ, ಮೆಲ್ಲಗೆ.

"ನಮ್ಮ ದಾಯಾದಿ ಒಬ್ಬನಿದ್ದಾನೆ. ಚಿಕ್ಕಪ್ಪನ ಮಗ. ಬದುವಿನ ವಿಷಯಕ್ಕೆ ನಮಗೂ ಅವನಿಗೂ ಮಾತಿಲ್ಲ. ನಿನ್ನೆ ಅವನ ಹಳೇ ಜೀಪು ಮುಂದೆ ಹೋಗ್ತಿತ್ತು. ನನ್ನ ಗಾಡಿ, ಅವನ ಹಿಂದೆ, ಬಗ್ಗಿಕೊಂಡು, ನಿಧಾನವಾಗಿ ಹೋಯ್ತಮ್ಮ! ಊರೆಲ್ಲ ನೋಡ್ತು. ಹುಟ್ಟಿದಾಗಿನಿಂದ ನಾನು ಅವನ ಹಿಂದೆ ಹೋದವನಲ್ಲ."

"ಸಾರ್, ರಾಡಾರಿಗೆ ಯಾರ ಗಾಡಿ ಅಂತ ಗೊತ್ತಾಗಲ್ಲ. ದೂರ, ವೇಗ ಎರಡೇ ಗೊತ್ತಾಗೋದು."

"ಹಂಗಾದ್ರೆ ಕಲಿಸು. ಅವನ ನಂಬರ್ ಬೇಕಾದ್ರೆ ಬರೆದುಕೊಡ್ತೀನಿ."

ಬಿಡಲಿಲ್ಲ ನಾನು. ಅವರನ್ನು ಮತ್ತೆ ಗಾಡಿಯಲ್ಲಿ ಕೂರಿಸಿಕೊಂಡು ಹೈವೇಗೆ ಹೋದೆ. ಕ್ರೂಸ್ ಆನ್ ಇದ್ದಾಗಲೂ ರಸ್ತೆಯ ನಡುಗೆರೆ ನೋಡಿ, ಎದುರು ಖಾಲಿ ಇರುವುದನ್ನು ನೋಡಿ, ಎಕ್ಸಿಲರೇಟರ್ ತುಳಿದರೆ ಯಾರನ್ನು ಬೇಕಾದರೂ ದಾಟಬಹುದು ಎಂದು ತೋರಿಸಿದೆ. ಒಂದು ಮರಳು ಲಾರಿಯನ್ನು ದಾಟಿಸಿದೆ. ಅವರು ಮೀಸೆ ಮೇಲೆ ಕೈಯಾಡಿಸಿ ಕೀಲಿ ವಾಪಸ್ ತೆಗೆದುಕೊಂಡು ಹೋದರು. ಗೆದ್ದೆ ಅಂದುಕೊಂಡೆ.

ಸ್ವಲ್ಪ ದಿನಕ್ಕೆ ಆ ದಾಯಾದಿ ಬಂದರು. ಅಣ್ಣನ ಗಾಡಿ ನೋಡಿ ಸುಮ್ಮನಿರಲಾಗದೆ ಅದೇ ಗಾಡಿ, ಅದೇ ಬಣ್ಣ ತೆಗೆದುಕೊಂಡರು. ನಾನೇ ಎಲ್ಲ ಹೇಳಿಕೊಟ್ಟೆ. ಹತ್ತು ದಿನಕ್ಕೆ ಅವರೂ ಬಂದು ಕೀಲಿ ಕುಕ್ಕಿದರು. ಈ ಸಲ ಯಜಮಾನರು ಎದುರಿಗೇ ನಿಂತಿದ್ದರು.

"ಇದು ಕೆಟ್ಟಿದೆ. ವಾಪಸ್ ತಗೊಳ್ಳಿ. ಕ್ರೂಸ್ ಹಾಕಿದ್ರೆ ಊರಿಂದ ಹೈವೇವರೆಗೂ ಇಪ್ಪತ್ತರ ಮೇಲೆ ಹೋಗಲ್ಲ."

"ದಿನಾನೂ ಹಾಗೇನಾ ಸಾರ್?"

"ದಿನಾನೂ. ನಾನು ಹೊರಟಾಗಲೆಲ್ಲ ಅಣ್ಣ ಸರಿಯಾಗಿ ಮುಂದೆ ಬಂದುಬಿಡ್ತಾನೆ. ಇಪ್ಪತ್ತರಲ್ಲಿ ಹೋಗ್ತಾನೆ. ಕನ್ನಡೀಲಿ ನೋಡಿಕೊಂಡು ನಗ್ತಾನೆ."

ಅಡುಗೆಮನೆಯ ಹೈವೇ

ಆ ದಾಯಾದಿಗೂ ದಾಟುವುದನ್ನು ಕಲಿಸಿ ಕಳಿಸಿದೆ, ನಿಜ. ಆದರೆ "ವಾಪಸ್ ತಗೊಳ್ಳಿ" ಎಂಬ ಮಾತು ಯಜಮಾನರ ಕಿವಿಗೆ ಬಿದ್ದಾಗಿತ್ತು. "ಇನ್ನೊಂದು ದೂರು ಬರಲಿ, ಅಷ್ಟೇ" ಅಂದರು. "ಮುಂದಿನ ಡೆಮೊಗೆ ನಾನೂ ಬರ್ತೀನಿ. ನೀನು ಏನು ಹೇಳ್ತೀಯೋ ಕೇಳ್ಬೇಕು."

ಮನೆಗೆ ಹೋದವಳೇ ಅಡುಗೆಮನೆಯ ನೆಲದ ಮೇಲೆ ಅಭ್ಯಾಸಕ್ಕೆ ಕೂತೆ. ಕೊಡ ಮುಂದಿನ ಲಾರಿ. ಚೊಂಬು ನಮ್ಮ ಗಾಡಿ. ನಡುವೆ ಒಂದು ಲಟ್ಟಣಿಗೆಯಷ್ಟು ಅಂತರ. ಈ ಅಂತರವನ್ನು ಹೆಚ್ಚು ಕಡಿಮೆ ಮಾಡಲು ಗಾಡಿಯಲ್ಲಿ ಬೇರೆ ಗುಂಡಿ ಇದೆ. ಅದನ್ನು ಜೋರಾಗಿ ಹೇಳಿಕೊಳ್ಳುತ್ತಿದ್ದೆ.

ಅಮ್ಮ ಬಂದು ಕೊತ್ತಂಬರಿ ಬುಟ್ಟಿಯನ್ನು ಆ ಅಂತರದಲ್ಲಿ ಇಟ್ಟಳು. ಅಂತರ ಕಾಪಾಡಬೇಕಲ್ಲ, ಚೊಂಬನ್ನು ಹಿಂದಕ್ಕೆ ಎಳೆದೆ. ಅಮ್ಮ ಈರುಳ್ಳಿ ಬುಟ್ಟಿ ತಂದಳು. ಮತ್ತೆ ಎಳೆದೆ. ಆಮೇಲೆ ಹಿಟ್ಟಿನ ಡಬ್ಬಿ. ಕೊನೆಗೆ ನನ್ನ ಗಾಡಿ ಅಡುಗೆಮನೆ ದಾಟಿ ನಡುಮನೆಗೆ ಬಂದು ನಿಂತಿತು.

"ಅಮ್ಮ, ಜಾಗ ಬಿಟ್ಟಿರೋದು ಕಾಣಲ್ವಾ?"

"ಕಂಡಿದ್ದಕ್ಕೇ ಇಟ್ಟೆ ಕಣೇ. ಹೈವೇಲಿ ಜಾಗ ಬಿಟ್ಟರೆ ಆಟೋದವನು ನಿನ್ನ ಕೇಳಿ ನುಗ್ಗುತ್ತಾನಾ?"

ಡೆಮೊದಲ್ಲಿ ಹೇಳದೆ ಬಿಡುತ್ತಿದ್ದ ಒಂದು ವಿಷಯ ಅವತ್ತು ಸೇರಿತು: ಗಾಡಿ ಜಾಗ ಬಿಡುತ್ತದೆ, ಬಿಟ್ಟ ಜಾಗಕ್ಕೆ ಇನ್ನೊಬ್ಬರು ನುಗ್ಗುತ್ತಾರೆ, ಆಗ ಬ್ರೇಕಿನ ಮೇಲೆ ನಮ್ಮ ಕಾಲೇ ಇರಬೇಕು.

ರೈಟ್ ರೈಟ್

ಯಜಮಾನರು ಬಂದ ಆ ಡೆಮೊಗೆ ಸಿಕ್ಕವರು ಚಿಂತಾಮಣಿಯ ದಂಪತಿ. ಗಂಡ ಸರ್ಕಾರಿ ಬಸ್ಸಿನ ಡ್ರೈವರ್ ಆಗಿದ್ದು ಈಚೆಗೆ ನಿವೃತ್ತರಾದವರು. ಹೆಂಡತಿ ಇನ್ನೂ ಸರ್ವೀಸಿನಲ್ಲಿರುವ ಕಂಡಕ್ಟರ್. ಬಹಳ ವರ್ಷ ಇಬ್ಬರೂ ಒಂದೇ ಬಸ್ಸಿನಲ್ಲಿ ಡ್ಯೂಟಿ ಮಾಡಿದವರು. ಬಸ್ಸಿನಲ್ಲಿ ಕಂಡಕ್ಟರ್ "ರೈಟ್" ಅಂದರೆ ಹೊರಡಬೇಕು, "ಹೋಲ್ಡಾನ್" ಅಂದರೆ ನಿಲ್ಲಿಸಬೇಕು, ಇದು ಎಲ್ಲರಿಗೂ ಗೊತ್ತಿರುವುದೇ.

ಗಂಡ ಸ್ಟೀರಿಂಗಿಗೆ ಕೂತರು, ಹೆಂಡತಿ ಪಕ್ಕದಲ್ಲಿ. ಹಿಂದೆ ನಾನು ಮತ್ತು ಯಜಮಾನರು. ಹೈವೇಗೆ ಬಂದು ಎಪ್ಪತ್ತಕ್ಕೆ ಕ್ರೂಸ್ ಹಾಕಿಸಿದೆ. ಮುಂದೆ ಇಟ್ಟಿಗೆ ಲಾರಿ ನಿಧಾನವಾಯಿತು. ನಾನು ಬಾಯಿ ತೆರೆಯುವ ಮೊದಲೇ ಆಯಮ್ಮ ಅಭ್ಯಾಸಬಲದಿಂದ "ಹೋಲ್ಡಾನ್!" ಅಂದರು. ಗಾಡಿ ನಿಧಾನವಾಯಿತು. ಅವರು ಬಗ್ಗಿ ಗಂಡನ ಕಾಲು ನೋಡಿದರು. ಕಾಲು ಅಲ್ಲಾಡಿರಲಿಲ್ಲ.

ಲಾರಿ ಪಕ್ಕಕ್ಕೆ ಸರಿಯಿತು. "ರೈಟ್ ರೈಟ್," ಅಂದರು ಆಯಮ್ಮ. ಗಾಡಿ ಎಪ್ಪತ್ತಕ್ಕೆ ಏರಿತು.

ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂತರು. "ಏನ್ರೀ, ಇದು ನನ್ನ ಮಾತು ಕೇಳುತ್ತೆ!"

"ನಾನೂ ಕೇಳ್ತಿದ್ದೆ ಕಣೇ."

"ನೀವೆಲ್ಲಿ ಕೇಳ್ತಿದ್ರಿ? ಹೋಲ್ಡಾನ್ ಅಂದ್ರೆ ಸ್ಟಾಪ್ ದಾಟಿ ಮುಂದೆ ಹೋಗಿ ನಿಲ್ಲಿಸ್ತಿದ್ರಿ. ಪ್ಯಾಸೆಂಜರ್‌ಗಳು ನನಗೆ ಬೈಯೋರು. ಸಾರ್, ಇದೇ ಇರ್ಲಿ. ಇದನ್ನೇ ತಗೋತೀವಿ."

ಯಜಮಾನರ ಮುಖ ಅರಳಿತು. ಸುಮ್ಮನಿರು ಎಂದು ನನಗೆ ಕಣ್ಣಿನಲ್ಲೇ ಹೇಳಿದರು. ಸುಮ್ಮನಿದ್ದರೆ ಗಾಡಿ ಹೋಗುತ್ತಿತ್ತು, ನನ್ನ ಕೆಲಸವೂ ಉಳಿಯುತ್ತಿತ್ತು. ಆದರೆ ನಾಳೆ ಹಸು ಅಡ್ಡ ಬರುತ್ತದೆ, ಇವರು ಹೋಲ್ಡಾನ್ ಅಂದುಕೊಂಡು ಕೈಕಟ್ಟಿ ಕೂರುತ್ತಾರೆ. ಆಮೇಲೆ?

"ಮೇಡಂ," ಅಂದೆ. "ಅದು ನಿಮ್ಮ ಮಾತು ಕೇಳ್ತಿಲ್ಲ."

ಯಜಮಾನರಿಗೆ ಕೆಮ್ಮು ಬಂತು.

ಆಯಮ್ಮ ಪೂರ್ತಿ ಹಿಂದಕ್ಕೆ ತಿರುಗಿದರು. "ಕೇಳ್ತಿಲ್ವಾ? ಈಗ ನೀನೇ ನೋಡಿದ್ಯಲ್ಲಮ್ಮ?"

"ಐದು ನಿಮಿಷ ನೀವು ಏನೂ ಮಾತಾಡ್ದೆ ಕೂತ್ಕೊಳ್ಳಿ ಮೇಡಂ. ಆಗ ಗೊತ್ತಾಗುತ್ತೆ."

ಗಂಡ ಕನ್ನಡಿಯಲ್ಲಿ ನನ್ನನ್ನು ಒಂದು ಥರ ನೋಡಿದರು. "ಡಿಪೋ ಮ್ಯಾನೇಜರಿಗೂ ಈ ಧೈರ್ಯ ಇರಲಿಲ್ಲಮ್ಮ," ಅಂದರು.

ಆಯಮ್ಮ ಸೆರಗನ್ನು ಮಡಚಿ ಬಾಯಿಗೆ ಅಡ್ಡ ಹಿಡಿದರು. ಮುಂದೆ ಒಂದು ಬಸ್ಸು, ಅದೂ ಅವರದೇ ಡಿಪೋದ್ದು, ಸ್ಟಾಪಿಗೆಂದು ನಿಧಾನವಾಗುತ್ತಿತ್ತು. ಅವರ ಕಣ್ಣು ಅಗಲವಾಯಿತು. ಬಾಗಿಲು ಬಡಿಯಲು ಕೈ ಎತ್ತಿದರು. "ಕೈಯೂ ಬೇಡ ಮೇಡಂ," ಅಂದೆ. ಗಾಡಿ ತಾನಾಗಿ ನಿಧಾನವಾಯಿತು, ಅಂತರ ಬಿಟ್ಟುಕೊಂಡು ಹೋಯಿತು. ಬಸ್ಸು ಎಡಕ್ಕೆ ಸರಿದು ಸ್ಟಾಪಿಗೆ ಹೋಯಿತು. ನಮ್ಮದು ಮತ್ತೆ ಎಪ್ಪತ್ತಕ್ಕೆ ಏರಿತು.

ಸೆರಗು ಬಾಯಿಂದ ಬಿತ್ತು. "ಎಲಾ ಇವನ! ರೈಟ್ ಇಲ್ಲದೇನೇ ಹೊರಟುಬಿಟ್ನಲ್ಲ!"

ವಾಪಸ್ ಬರುವ ದಾರಿಯುದ್ದಕ್ಕೂ ನಾನು ಹೇಳುತ್ತಲೇ ಇದ್ದೆ. ರಾಡಾರ್, ಅಲೆ, ಅಂತರ, ನಡುವೆ ನುಗ್ಗುವ ಆಟೋ, ನಿಂತ ಗಾಡಿ ಮತ್ತು ಹಸು ಅದಕ್ಕೆ ಸರಿಯಾಗಿ ಗೊತ್ತಾಗದೇ ಇರಬಹುದು ಎಂಬುದು, ಎಲ್ಲವನ್ನೂ. ಆಯಮ್ಮ ಕತ್ತು ಚಾಚಿ ಮುಂದಿನ ಗಾಡಿಗಳನ್ನೇ ನೋಡುತ್ತಿದ್ದರು. ಗಾಡಿ ಅಂಗಡಿಯ ಮುಂದೆ ನಿಂತಿತು. ಯಜಮಾನರು ನನ್ನ ಕಿವಿಯ ಹತ್ತಿರ ಬಂದು, "ಫೋನ್ ಟೇಬಲ್ ಧೂಳು ಹಿಡಿದಿದೆ, ಒರೆಸಿಕೋ," ಅಂದರು.

ಆಯಮ್ಮ ಇಳಿದು ನೇರ ಗಾಡಿಯ ಮುಂದಕ್ಕೆ ಹೋದರು. ಬಗ್ಗಿ ಬಂಪರನ್ನು ಬೆರಳಲ್ಲಿ ಕುಟ್ಟಿದರು. "ಅಂದ್ರೆ ಇದರೊಳಗೆ ಒಬ್ಬ ಕಂಡಕ್ಟರ್ ಕೂತಿದ್ದಾನೆ. ಮುಂದೆ ನೋಡ್ತಾನೆ. ಗಾಡಿ ಅಡ್ಡ ಇದ್ರೆ ನಿಧಾನ ಅಂತಾನೆ, ಜಾಗ ಆದ್ರೆ ರೈಟ್ ಅಂತಾನೆ. ಹಸು ಗಿಸು ಬಂದ್ರೆ ಮಾತ್ರ ಅವನನ್ನ ನಂಬ್ಕೊಂಡು ಕೂರೋಹಂಗಿಲ್ಲ. ಅಷ್ಟೇ ತಾನೇ?"

"ಅಷ್ಟೇ ಮೇಡಂ," ಅಂದೆ. ನನ್ನ ಅರ್ಧ ಗಂಟೆಯ ಪಾಠ ಅಷ್ಟರಲ್ಲಿ ಮುಗಿದಿತ್ತು.

"ಹಂಗಂತ ಮೊದಲೇ ಹೇಳೋದಲ್ವಾ? ನಡೀರಿ, ಬುಕ್ ಮಾಡೋಣ."

ಗಾಡಿ ಕೊಟ್ಟು ಕೆಲವು ದಿನವಾಗಿತ್ತು. ಯಜಮಾನರು ಒಳಗೆ ಕರೆದರು. ಫೋನ್ ಅವರ ಮೇಜಿನ ಮೇಲಿತ್ತು, ಸ್ಪೀಕರ್ ಹಾಕಿತ್ತು. "ಬಾಮ್ಮ. ಚಿಂತಾಮಣಿಯವರು. ದೂರು ಇದೆಯಂತೆ."

ಮೇಜಿನ ಹತ್ತಿರ ಹೋಗಿ ನಿಂತೆ. "ಹೇಳಿ ಸಾರ್. ಎಲ್ಲಿ ಅರ್ಥ ಆಗಲಿಲ್ಲ? ಮತ್ತೆ ಮೊದಲಿಂದ ಹೇಳ್ತೀನಿ."

"ಎಲ್ಲಾ ಅರ್ಥ ಆಗಿದೆ ಕಣಮ್ಮ," ಗಂಡನ ದನಿ ಸಣ್ಣಗಿತ್ತು. "ಗಾಡಿ ಚಿನ್ನದಂಗಿದೆ. ಆದರೆ ಮುಂದೆ ಜಾಗ ಆದ ತಕ್ಷಣ ಬಂಪರಲ್ಲಿರೋನು ರೈಟ್ ಅಂತಾನೆ, ಪಕ್ಕದಲ್ಲಿರೋಳು ಹೋಲ್ಡಾನ್ ಅಂತಾಳೆ. ಅವನು ನಿಧಾನ ಅಂದ್ರೆ ಇವಳು, ಅವನಿಗೇನು ಗೊತ್ತು, ನೀವು ರೈಟ್, ಅಂತಾಳೆ. ಇಷ್ಟು ವರ್ಷ ಸರ್ವೀಸ್ ಮಾಡ್ದೆ, ಒಂದು ಗಾಡಿಗೆ ಇಬ್ಬರು ಕಂಡಕ್ಟರ್ ಇರೋದು ನೋಡಿರ್ಲಿಲ್ಲ. ಇಬ್ಬರಲ್ಲಿ ಸೀನಿಯರ್ ಯಾರಮ್ಮ?"

"ಇಬ್ಬರೂ ಅಲ್ಲ ಸಾರ್. ಕೊನೇ ಮಾತು ಯಾವಾಗ್ಲೂ ಡ್ರೈವರದ್ದೇ. ಗಾಡಿ ಜೊತೆ ಕೊಟ್ಟಿರೋ ಪುಸ್ತಕದಲ್ಲೂ ಹಾಗೇ ಇದೆ."

"ನನ್ನದಾ?"

"ನಿಮ್ಮದೇ ಸಾರ್."

"ಅದನ್ನ ಸ್ವಲ್ಪ ಜೋರಾಗಿ ಹೇಳ್ತೀಯೇನಮ್ಮ? ಅವಳು ಇಲ್ಲೇ..."

ನಾನು ಉಸಿರು ಎಳೆದುಕೊಳ್ಳುವಷ್ಟರಲ್ಲಿ ಹತ್ತಿರದಿಂದಲೇ ಆಯಮ್ಮನ ದನಿ ಕೇಳಿಸಿತು: "ಎಲ್ಲಾ ಕೇಳಿಸ್ತು. ಫೋನ್ ಇಡಿ. ಹೋಲ್ಡಾನ್!"

ಫೋನ್ ಅಲ್ಲೇ ಕಟ್ಟಾಯಿತು. ಈ ಸಲ ಅವರು ಸ್ಟಾಪ್ ದಾಟಿ ಮುಂದೆ ಹೋಗಲಿಲ್ಲ.

ಯಜಮಾನರು ನಕ್ಕು ನಕ್ಕು ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ಡೆಮೊ ಗಾಡಿಯ ಕೀಲಿಯನ್ನು ಮೇಜಿನ ಮೇಲೆ ನನ್ನ ಕಡೆ ತಳ್ಳಿದರು. "ಈ ದೂರಿಗೆ ನಮ್ಮ ವರ್ಕ್‌ಶಾಪಲ್ಲಿ ರಿಪೇರಿ ಇಲ್ಲಮ್ಮ," ಅಂದರು. "ನೀನು ಡೆಮೊಗೆ ಹೊರಡು."